ಹಳೇ ಪ್ಲೇಯರಿಗೆ ಹೊಸ ಬೀಗ

ಮಾರ್ಚ್ 3, ಸೋಮವಾರ

ಇವತ್ತೂ ಬೆಳಗಿನಿಂದ ಟೆಸ್ಟಿಂಗ್, ಗುಂಡಿ ಒತ್ತುವುದೇ. ನಮ್ಮ ಆಡಿಯೋ ಪುಸ್ತಕಗಳನ್ನು ಯಾರೂ ಕಾಪಿ ಮಾಡದಂತೆ ಹಾಕುವ ಹೊಸ ಬೀಗ — ಡಿಆರ್‌ಎಂ ಅಪ್‌ಗ್ರೇಡ್ ಅನ್ನಬೇಕಂತೆ — ಫೋನುಗಳಲ್ಲೆಲ್ಲ ಪಾಸ್. ಆಫೀಸಿನ ಕಪಾಟಿನ ಕೆಳಗಿನ ಅರೆಯ ಹಳೇ ಪ್ಲೇಯರುಗಳಲ್ಲಿ ಒಂದರಲ್ಲೂ ಪಾಸಾಗಲಿಲ್ಲ. ದಪ್ಪ ಗುಂಡಿಯವು, ಕಣ್ಣು ಕಾಣದವರು ಪುಸ್ತಕ ಕೇಳಲೆಂದೇ ನಾವೇ ಮಾರಿದವು. ಪ್ಲೇಯರ್ ಅನುಮತಿ ಕೇಳುತ್ತದೆ, ಸರ್ವರ್ ಹೊಸ ಭಾಷೆಯಲ್ಲಿ ಉತ್ತರಿಸುತ್ತದೆ, ಇದಕ್ಕೆ ಅರ್ಥವಾಗುವುದಿಲ್ಲ. ಪುಸ್ತಕ ಬಂದ್. ರಿಪೋರ್ಟಿನಲ್ಲಿ ಕೆಂಪು ಗುರುತು ಹಾಕಿ ಕಳಿಸಿದೆ.

ಸಂಜೆ ಅಕ್ಕನ ಮನೆ. ಕಣ್ಣು ಹೋದ ಮೇಲೆ ಅವಳಿಗೂ ಇದೇ ಪ್ಲೇಯರ್ ಜೊತೆ. ಬಟ್ಟೆ ಮಡಿಸುತ್ತ ಪತ್ತೇದಾರಿ ಕಾದಂಬರಿ ಕೇಳುತ್ತಿದ್ದಳು. “ಕೊಂದವನು ಆ ಡ್ರೈವರೇ ಕಣೇ. ಬೇಕಾದ್ರೆ ಬೆಟ್ ಕಟ್ಟು.” ಅಷ್ಟರಲ್ಲಿ ಪ್ಲೇಯರಿನಿಂದ ನನ್ನದೇ ದನಿ — “ಬ್ಯಾಟರಿ ಕಡಿಮೆ ಇದೆ. ದಯವಿಟ್ಟು ಚಾರ್ಜ್ ಮಾಡಿ.” ಕಂಪನಿ ಶುರುವಾದ ಹೊಸತರಲ್ಲಿ ಸೂಚನೆಗಳನ್ನೆಲ್ಲ ನನ್ನ ಕೈಲೇ ಓದಿಸಿದ್ದರು. ಅಕ್ಕ ನಕ್ಕಳು. “ಇದರೊಳಗೆ ಮಾತ್ರ ನೀನು ನಂಗೆ ಮರ್ಯಾದೆ ಕೊಡ್ತೀಯ.”

ಮಾರ್ಚ್ 5, ಬುಧವಾರ

ಮೀಟಿಂಗ್. ಮ್ಯಾನೇಜರ್ ಎಂದಿನಂತೆ ಹಲ್ಲು ಕಿರಿದ. “ಹಳೇ ಪ್ಲೇಯರ್ ಇಟ್ಕೊಂಡಿರೋರು ಎಷ್ಟು ಜನ ಮೇಡಂ? ಒಂದು ಫೋನ್ ತಗೊಳ್ಳಲಿ ಬಿಡಿ.”

“ಗಾಜಿನ ಮೇಲೆ ಬೆರಳಿಗೆ ಏನು ಸಿಗುತ್ತೆ ಸರ್? ಗುಂಡಿಯಾದ್ರೆ ತಡವಿ ಒತ್ತಬಹುದು. ಹಳೆಯವಕ್ಕೆ ಹಳೇ ಬೀಗನೇ ಇರಲಿ. ಎರಡೂ ಒಟ್ಟಿಗೆ ನಡೆಯುತ್ತೆ, ನಾನೇ ಟೆಸ್ಟ್ ಮಾಡಿದ್ದೀನಿ.”

“ಹಳೇದನ್ನ ಕಳ್ಳರು ಮುರಿದಿದ್ದಾರಲ್ಲ.”

ಕಾಪಿ ಮಾಡಿ ಹಂಚುವವರು ಯಾರೋ, ಬಾಯಿ ಕಟ್ಟುವುದು ಅಕ್ಕನ ಪ್ಲೇಯರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಿಪೋರ್ಟಿನಲ್ಲಿ ಕೆಂಪಿದ್ದರೆ ರಿಲೀಸ್ ಮಾಡುವಂತಿಲ್ಲ, ಅದು ಅವರದೇ ನಿಯಮ. ಕೆಂಪು ನಾನಂತೂ ತೆಗೆಯುವುದಿಲ್ಲ.

ಮಾರ್ಚ್ 7, ಶುಕ್ರವಾರ

ರಿಪೋರ್ಟ್ ಪೂರ್ತಿ ಹಸಿರು.

ನಂಬಲಾಗದೆ ಕಪಾಟಿಗೆ ಹೋದೆ. ಕೆಳಗಿನ ಅರೆ ಖಾಲಿ. ಧೂಳಿನಲ್ಲಿ ಚೌಕ ಚೌಕ ಗುರುತು ಮಾತ್ರ. ಪ್ಲೇಯರುಗಳು ಬಾಗಿಲ ಹತ್ತಿರ ರಟ್ಟಿನ ಡಬ್ಬದಲ್ಲಿ, ಮೇಲೆ ‘ಗುಜರಿ’ ಅಂತ ಚೀಟಿ. ಟೆಸ್ಟ್ ಪಟ್ಟಿಯಿಂದಲೂ ತೆಗೆದಿದ್ದಾರೆ. ಟೆಸ್ಟೇ ಇಲ್ಲದಿದ್ದರೆ ಫೇಲ್ ಎಲ್ಲಿಂದ ಬರಬೇಕು... ನೆಗಡಿ ಬಂತೆಂದು ಮೂಗು ಕೊಯ್ಯುವ ಜನ. ಅದೂ ಬೇರೆಯವರ ಮೂಗು.

“ಇದು ಮೋಸ ಸರ್.”

“ಕ್ಲೀನಪ್ ಮೇಡಂ.”

ಡಬ್ಬ ತಂದು ಅವನ ಮೇಜಿನ ಮೇಲೆ ಸುರಿದೆ. ಇಷ್ಟಾದರೂ ಹಲ್ಲು ಕಿರಿಯುವುದು ಬಿಡಲಿಲ್ಲ ಪುಣ್ಯಾತ್ಮ.

ಮಾರ್ಚ್ 18, ಮಂಗಳವಾರ

ಇವತ್ತು ರಿಲೀಸ್ ಆಯಿತು. ನನ್ನನ್ನು ಕಳೆದ ವಾರವೇ ಬೇರೆ ಟೀಮಿಗೆ ದಬ್ಬಿದ್ದರು. ಮೇಲಿನವರಿಗೆ ಬರೆದ ಮೇಲ್‌ಗಳಿಗೆ ಉತ್ತರವಿಲ್ಲ. ಆಫೀಸಿನಲ್ಲಿ ಕೇಕ್ ಹಂಚಿದರು. ಮುಟ್ಟಲಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಗಾದರೂ ನಿಲ್ಲಿಸಿಬಿಡುತ್ತೇನೆ ಅಂದುಕೊಂಡಿದ್ದೆ.

ಮಾರ್ಚ್ 19, ಬುಧವಾರ, ಸಂಜೆ

ಅಕ್ಕನ ಫೋನ್. “ಏನೇ, ನನ್ಮೇಲೆ ಕೋಪನಾ? ಬೆಳಗ್ಗೆಯಿಂದ ಬೇಡ ಅಂತಿದ್ದೀಯ.” ತಮಾಷೆಗೇ ಅಂದಳು. ದನಿಯಲ್ಲಿ ನಗು ಇರಲಿಲ್ಲ.

ಓಡಿದೆ. ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುಂಡಿ ಒತ್ತಿದಳು. “ಈ ಪುಸ್ತಕ ಕೇಳಲು ನಿಮಗೆ ಅನುಮತಿ ಇಲ್ಲ. ಧನ್ಯವಾದ.” ಎಷ್ಟು ವಿನಯ ನನ್ನ ದನಿಯಲ್ಲಿ. ನಗುನಗುತ್ತ ಓದಿ ಅಂದಿದ್ದರು ಆಗ. ಹಾಗೇ ಓದಿದ್ದೆ.

“ಎರಡೇ ಅಧ್ಯಾಯ ಉಳಿದಿತ್ತು ಕಣೇ.”

“ಅದು ನಾನಲ್ಲ ಅಕ್ಕ...”

“ಗೊತ್ತು, ರೆಕಾರ್ಡಿಂಗ್. ಆದ್ರೂ ನಿನ್ನ ಬಾಯಿಂದ ಕೇಳೋಕೆ ಒಂಥರಾ ಆಗುತ್ತೆ.” ಮತ್ತೆ ಗುಂಡಿ ತಡವಿದಳು. “ಈ ಸಲ ಬರಬಹುದೇನೋ.”

ಬರುವುದಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ ಎಂದು ಹೇಳಬೇಕು. ನಾನೇ ಹೇಳಬೇಕು. ಅವಳು ಒತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ಪ್ಲೇಯರಿನೊಳಗಿಂದ ನಾನೇ —