ಉಮೇಶನಿಗೊಬ್ಬ ತಾಯಿ

ಅರಸೀಕೆರೆ
೧೯ ಜನವರಿ ೨೦೨೫

ಪ್ರೀತಿಯ ಚಿದಂಬರ,

ನಿನ್ನ ಅಕ್ಕ ಸುಮಿತ್ರಳ ಆಶೀರ್ವಾದ. ಅವ್ವ, ನಿನ್ನ ಭಾವ, ನಾನು ಮೂವರೂ ಚೆನ್ನಾಗಿದ್ದೇವೆ. ದೆಹಲಿಯ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿಲ್ಲ ತಾನೇ? ದೀಪಾವಳಿಗೆ ಮೊದಲೇ ನಿನ್ನ ಕಾದಂಬರಿ ಕೈಸೇರಿತು. ನಾನು ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ತಡವಾದದ್ದಕ್ಕೆ ಕಾರಣ ಅವ್ವ. ಅದನ್ನು ಆಮೇಲೆ ಹೇಳುತ್ತೇನೆ.

ಎರಡನೇ ಮುದ್ರಣಕ್ಕೆ ಮುಂಚೆ ನಮ್ಮ ಕಡೆಯ ವಿವರಗಳಲ್ಲಿ ತಪ್ಪಿದ್ದರೆ ತಿಳಿಸು ಎಂದಿದ್ದೀಯ. ತಪ್ಪು ಹುಡುಕುವ ಕೆಲಸ ನನಗೆ ಕೊಟ್ಟರೆ ಕೇಳಬೇಕೇ? ಪತ್ರಿಕೆಗಳ ವಾಚಕರ ಅಂಕಣದವರು ನನ್ನ ಅಕ್ಷರ ಕಂಡರೆ ಈಗಲೂ ಬೆಚ್ಚುತ್ತಾರೆ.

ನಿನ್ನ ಕಥೆಯಲ್ಲಿ ನಮ್ಮೂರ ಮಂಡಿಯಲ್ಲಿ ಭಯೋತ್ಪಾದಕರು ಕೊಬ್ಬರಿ ಚೀಲಗಳ ನಡುವೆ ಬಾಂಬು ಅಡಗಿಸಿದ್ದಾರೆ. ನಿನ್ನ ನಾಯಕ, ಗುಪ್ತಚರ ಇಲಾಖೆಯ ಉಮೇಶ್, ಒಂದು ಕೊಬ್ಬರಿ ಗಿಟುಕು ಒಡೆಯುತ್ತಾನೆ. ನೀರು ಅವನ ಮುಖಕ್ಕೆ ಚಿಮ್ಮುತ್ತದೆ! ಜಗಲಿಯಲ್ಲಿ ಕೂತು ಓದುತ್ತಿದ್ದ ನಿನ್ನ ಭಾವ ಕನ್ನಡಕ ತೆಗೆದು, “ಏ ಸುಮಿತ್ರಾ, ಕೊಬ್ಬರೀಲಿ ನೀರಂತೆ ಕಣೇ! ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿರೋ ಕಾಯಿ ಅದು. ನಿನ್ ತಮ್ಮ ಯಾವ ಸೀಮೆ ಗೂಢಚಾರ?” ಎಂದರು. ನಾನು ಬಿಟ್ಟುಕೊಡಲಿಲ್ಲ. “ದೇಶ ಕಾಯೋನಿಗೆ ಕೊಬ್ಬರಿ ಕಾಯೋಕೆ ಪುರಸೊತ್ತೆಲ್ಲಿತ್ತು ರೀ?” ಎಂದೆ. ಆದರೆ ಒಳಗೊಳಗೇ ನನಗೂ ನಾಚಿಕೆಯಾಯಿತು. ಅಪ್ಪನ ಅಟ್ಟದಲ್ಲಿ ಅವ್ವ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಣಗಿದ್ದು ಈ ಕಡೆ, ನೀರಿರುವುದು ಆ ಕಡೆ ಎಂದು ಬೇರೆ ಮಾಡುತ್ತಿದ್ದಳು. ಅಷ್ಟೂ ಮರೆತೆಯಾ?

ಬಾಣಾವರ ಸ್ಟೇಷನ್ನಿನ ಟೀ ಮಾರುವವನ ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಸಿಟ್ಟಿದೆ. ಗಡ್ಡ ಬಿಟ್ಟಿದ್ದಾನೆಂಬ ಒಂದೇ ಕಾರಣಕ್ಕೆ ಅವನನ್ನು ಅರ್ಧ ಪುಸ್ತಕದವರೆಗೆ ಅನುಮಾನದಲ್ಲಿ ನಿಲ್ಲಿಸಿದ್ದೀಯ. ಕೊನೆಗೆ ನಿರಪರಾಧಿಯೆಂದು ಬಿಟ್ಟದ್ದು ಸರಿ. ಆದರೆ ತಪ್ಪಾಯಿತು ಕಣಪ್ಪ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಇಂಥವರನ್ನು ನಾನು ಬದುಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ ಕ್ಷಮೆ ಕೇಳಿದ ಅಧಿಕಾರಿಯನ್ನು ನೋಡಿಲ್ಲ. ಪುಸ್ತಕದಲ್ಲಾದರೂ ಒಂದು ವಾಕ್ಯ ಸೇರಿಸು.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಯ ಅಧ್ಯಾಯ ಬಹಳ ಚೆನ್ನಾಗಿದೆ. ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ, ಪಿಸ್ತೂಲು ಹಿಡಿದು ಹಿಂದೆ ಬರುತ್ತಿರುವವನು ಉಮೇಶನಿಗೆ ಕಂಡಾಗ ನಾನೂ ಒಮ್ಮೆ ಹಿಂದೆ ತಿರುಗಿ ನೋಡಿದೆ. ಆ ಕಂಬವನ್ನು ನೀನು ಮರೆತಿಲ್ಲ. ಅಪ್ಪ ಹಳೇಬೀಡಿಗೆ ಕಾಯಿ ವ್ಯಾಪಾರಕ್ಕೆ ಹೋದಾಗ ನಮ್ಮನ್ನೂ ಕರೆದೊಯ್ದಿದ್ದರು. ಅವ್ವ ಅದೇ ಕಂಬದ ಮುಂದೆ ನಿಂತು ಹಣೆಯ ವಿಭೂತಿ ಸರಿಮಾಡಿಕೊಂಡಳು. ನೀನು ಅವಳ ಸೆರಗಿನೊಳಗಿಂದ ಇಣುಕಿ, ಕಂಬದೊಳಗೆ ಇನ್ನೊಬ್ಬ ಅವ್ವ ಇದ್ದಾಳೆಂದು ಕೂಗಿದೆ.

ಕಂಬವನ್ನು ಪುಸ್ತಕಕ್ಕೆ ತೆಗೆದುಕೊಂಡೆ. ಅವ್ವನನ್ನು ಯಾಕೆ ಬಿಟ್ಟೆ ಚಿದು?

ಮೊದಲ ಪುಟದಲ್ಲೇ ಬರೆದಿದ್ದೀಯ: ‘ಉಮೇಶನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ.’ ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಮೂವತ್ತು ವರ್ಷ ಆಹಾರ ಇಲಾಖೆಯ ಗೋದಾಮಿನಲ್ಲಿ ಕೆಲಸ ಎಂದು ನಮ್ಮನ್ನು ನಂಬಿಸಿದೆ. ನೀನೂ ಉಮೇಶನ ಇಲಾಖೆಯವನೇ ಎಂದು ನಮಗೆ ತಿಳಿದದ್ದು ಈ ಪುಸ್ತಕದ ಜೊತೆ ಬಂದ ನಿನ್ನ ಪತ್ರದಿಂದ. ಅಪ್ಪನ ಮಣ್ಣಿಗೂ ಬರಲಿಲ್ಲ. ಗೋದಾಮಿನವನಿಗೂ ರಜೆ ಕೊಡದ ಸರ್ಕಾರ ಎಂಥದ್ದೆಂದು ಅವತ್ತು ಬಂದವರ ಮುಂದೆಲ್ಲ ಕೂಗಾಡಿದ್ದೆ. ಆಗ ನೀನೆಲ್ಲಿದ್ದೆಯೆಂದು ಈಗ ಕೇಳುವುದಿಲ್ಲ. ನಿನಗೆ ಪದಕ ಕೊಟ್ಟ ಸರ್ಕಾರ, ಅದನ್ನು ಹೆತ್ತವಳಿಗೆ ತೋರಿಸಬೇಡ ಅನ್ನುವುದು ಎಂಥ ನ್ಯಾಯವೋ ನನಗೆ ತಿಳಿಯದು. ಆದರೆ ನಿನಗೆ ಯಾರೂ ಇರಲಿಲ್ಲ ಅನ್ನುವುದು ಸುಳ್ಳು.

ಈಗ ಅವ್ವನ ಸಂಗತಿ. ಕಣ್ಣಿನ ಆಪರೇಷನ್ ಆದ ಮೇಲೂ ಅವಳಿಗೆ ಅಕ್ಷರ ಕಾಣುವುದಿಲ್ಲ. ಪುಸ್ತಕ ಬಂದ ದಿನ, “ಏನೈತೆ ಅದ್ರಲ್ಲಿ? ಓದೇ” ಎಂದು ಹಟ ಹಿಡಿದಳು. ಕಳೆದುಹೋದ ಅಪಾಯಗಳಿಗೆ ಅವ್ವ ಈಗ ಹೆದರುತ್ತಾಳೆ, ನನ್ನ ನಿಜವಾದ ಕೆಲಸ ಅವಳಿಗೆ ಹೇಳಬೇಡ ಎಂದು ನೀನು ಬರೆದಿದ್ದೆ. ಹೇಗೂ ಮುಖಪುಟದ ಮೇಲಿರುವುದು ನಿನ್ನ ಹೆಸರಲ್ಲ. ಯಾರೋ ಬರೆದ ಪತ್ತೇದಾರಿ ಕಥೆ ಎಂದು ಹೇಳಿ, ದಿನಾ ಊಟವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಓದುತ್ತಾ ಬಂದಿದ್ದೇನೆ. ಆ ಮೊದಲ ವಾಕ್ಯ ಮಾತ್ರ ಬಾಯಿಗೆ ಬರಲಿಲ್ಲ. ‘ಉಮೇಶನಿಗೆ ಊರಲ್ಲೊಬ್ಬ ತಾಯಿಯಿದ್ದಳು’ ಎಂದು ಓದಿಬಿಟ್ಟೆ.

ಅಲ್ಲಿಂದ ನನ್ನ ಪಾಡು ಕೇಳಬೇಡ. “ತಾಯಿಗೆ ಫೋನ್ ಮಾಡಿದ್ನಾ?” ಎಂದು ಅವ್ವ ದಿನಾ ಕೇಳುತ್ತಾಳೆ. ಮಾಡಿದ ಎಂದು ನಾನು ಓದಲೇಬೇಕು. ನಿನ್ನ ಉಮೇಶ್ ಬೇಲೂರಿನ ಲಾಡ್ಜಿನ ಮಂಚದ ಕೆಳಗೆ ಅವಿತುಕೊಂಡು, ತಲೆಯ ಮೇಲೆ ಗುಂಡು ಹಾರುತ್ತಿದ್ದಾಗ, “ಊಟ ಆಯ್ತೇನವ್ವ?” ಎಂದು ಮನೆಗೆ ಫೋನ್ ಮಾಡಿದ್ದಾನೆ. ನಗಬೇಡ. ಅದೇ ಅವ್ವನಿಗೆ ಎಲ್ಲಕ್ಕಿಂತ ಹಿಡಿಸಿದ ಭಾಗ.

ಇನ್ನುಳಿದಿರುವುದು ಕೊನೆಯ ಅಧ್ಯಾಯ. ಅದರಲ್ಲಿ ಉಮೇಶ್ ಹೊಸ ಹೆಸರಿಟ್ಟುಕೊಂಡು ಅರಸೀಕೆರೆಯಲ್ಲಿ ರೈಲು ಹತ್ತುತ್ತಾನೆ. ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಅವ್ವನ ಮುಂದೆ ಹೇಗೆ ಓದಲಿ? ಅವನನ್ನು ರೈಲಿನಿಂದ ಇಳಿಸಿ ಮನೆಗೆ ಕರೆತರುವುದು ನನ್ನಿಂದಾಗದ ಕೆಲಸ. ನೀನೇ ಬಂದು ಓದು. ಹೇಗೆ ಬೇಕಾದರೂ ಮುಗಿಸು, ಅವಳ ಪಕ್ಕದಲ್ಲಿ ಕೂತು ಮುಗಿಸು. ಅಲ್ಲಿಯವರೆಗೆ ಪುಸ್ತಕ ಬೀರುವಿನಲ್ಲಿರುತ್ತದೆ.

ಆರೋಗ್ಯ ನೋಡಿಕೋ. ನಿನ್ನ ಬರವಣಿಗೆ ಬೆಳೆಯಲಿ, ನೀನು ತಣ್ಣಗಿರು.

ನಿನ್ನ ಅಕ್ಕ,
ಸುಮಿತ್ರ

ತಾ.ಕ.: ಕವರು ಅಂಟಿಸುವ ಮುಂಚೆ ಇದನ್ನೂ ಬರೆಯುತ್ತೇನೆ. ಇವತ್ತು ಅವ್ವ ಪುಸ್ತಕ ಕೇಳಿದಳು. ಮುಗಿಯುತ್ತಾ ಬಂತು, ನಾಳೆ ಓದೋಣ ಎಂದೆ. ಅವಳು ತಡಕಾಡಿ ನನ್ನ ಕೈ ಹಿಡಿದುಕೊಂಡಳು.

“ಆ ಫೋನೆಲ್ಲ ನೀನ್ ಸೇರಿಸ್ತಿದ್ದೀಯ ಅಂತ ನಂಗೊತ್ತು ಕಣೇ” ಎಂದಳು. “ಕಾಯಿ ಅಲ್ಲಾಡ್ಸಿದ್ರೆ ನೀರೈತೋ ಒಣಗೈತೋ ಹೇಳ್ತಿದ್ದೋಳು ನಾನು. ನಿನ್ ದನಿ ತಿಳಿಯಾಕಿಲ್ವಾ? ಆ ಉಮೇಶ ಯಾರು ಅಂತಾನೂ ಗೊತ್ತು. ಚಿದು ಯಾವತ್ತು ಅಷ್ಟ್ ಸಲ ಫೋನ್ ಮಾಡಿದ್ದ?”

ನಾನು ಏಳಹೋದೆ. ಅವಳು ಕೈ ಬಿಡದೆ ಹೇಳಿದಳು:

“ನಿಲ್ಲಿಸ್ಬ್ಯಾಡ, ಓದು. ಇನ್ನೊಂದ್ ಸಲ ಫೋನ್ ಮಾಡ್ಲಿ.”