ಹಳದಿ ಹೆಗಲಿನ ತಿಗಣೆ

ಸೆಪ್ಟೆಂಬರ್ 29, ಶೃಂಗೇರಿ

ಬೀನ್ಸ್ ಬದಲಾಯಿಸಿದೆ. ಡಬ್ಬಿ ತೊಳೆದೆ. ದಸರಾ ರಜೆ, ಲ್ಯಾಬಿಗೆ ಬೀಗ. ಹಾಗಾಗಿ ತಿಗಣೆಗಳೆಲ್ಲ (ಹಾಸಿಗೆಯವಲ್ಲ, ಬೆಳೆಯ ರಸ ಹೀರುವವು) ಅಜ್ಜಿ ಮನೆಯ ಜಗಲಿಯಲ್ಲಿ. ಪೂರ್ತಿ ಹಸಿರಿನವು ಮತ್ತೆ ರಾಶಿ ಮೊಟ್ಟೆ ಇಟ್ಟಿವೆ. ಹಳದಿ ಹೆಗಲಿನವು ಯಥಾಪ್ರಕಾರ — ಮೊಟ್ಟೆ ಕಮ್ಮಿ, ಮರಿ ಬೆಳೆಯುವುದೂ ನಿಧಾನ. ಒಂದೇ ಜಾತಿ, ಒಂದೇ ಊಟ, ಬಣ್ಣ ಮತ್ತು ಡಬ್ಬಿ ಮಾತ್ರ ಬೇರೆ. ನೋಡಿದಷ್ಟೂ ಮಜಾ.

ಗೈಡ್ ಮಹೇಶ್ವರ ಸರ್‌ಗೆ ಮಜಾ ಇಲ್ಲ. ಕೊಪ್ಪದಿಂದ ಫೋನ್. "ಅಲ್ಲ ಮಾರಾಯ್ತಿ, ಹಳದಿ ಅಷ್ಟು ಸೋಂಬೇರಿ ಆದ್ರೆ ಗದ್ದೆಯಲ್ಲಿ ಇನ್ನೂ ಯಾಕೆ ಉಳ್ಕೊಂಡಿದೆ? ಇದಕ್ಕೆ ಉತ್ತರ ಇಲ್ದೆ ಕಮಿಟಿ ಎದ್ರು ನಿಂತ್ರೆ ನಿನ್ನ ಪಿಎಚ್.ಡಿ. ಅಲ್ಲಿಗೇ ನಿಲ್ಲುತ್ತೆ."

ಕಮಿಟಿ ನವೆಂಬರ್ ಮೊದಲ ವಾರ. ಉತ್ತರ ಇಲ್ಲ. ಭಯವಾಗುತ್ತಿದೆ.

ಅಕ್ಟೋಬರ್ 3, ಬಸ್ಸಿನಲ್ಲಿ

ನರಸಿಂಹರಾಜಪುರಕ್ಕೆ. ಎರಡು ವಾರ ಅಲಸಂದೆ ಹೊಲಗಳ ಸರ್ವೆ, ಹೊಸ ತಿಗಣೆ ಹಿಡಿಯುವುದು. ಫ್ರಿಜ್ ತುಂಬ ಬೀನ್ಸ್ ಇಟ್ಟು ಬಂದೆ. ದಿನಾ ಹಾಕು ಅಂದೆ. ಅಜ್ಜಿ ಪಂಚಾಂಗ ತಿರುವುತ್ತಿದ್ದಳು...

ಅಕ್ಟೋಬರ್ 17, ಸಂಜೆ

ಸರ್ವನಾಶ. ಡಬ್ಬಿಗಳಲ್ಲಿ ಬೀನ್ಸ್ ಇಲ್ಲ. ಬಾಳೆಕಾಯಿ ಚೂರು! ಹುಳಗಳು ಸತ್ತು ಬಿದ್ದಿವೆ.

"ಎಂತ ಕೂಸೇ, ದ್ವಿದಳದ ತಿಂಗ್ಳು ಮನೆಯೊಳ್ಗೆ ಬೀನ್ಸ್ ಇಡೂದುಂಟಾ? ಅವತ್ತೇ ದನಕ್ಕೆ ಹಾಕ್ದೆ. ನಿನ್ನ ಹುಳಕ್ಕೂ ವ್ರತ."

ಚಾತುರ್ಮಾಸ್ಯದ ಕೊನೆಯ ತಿಂಗಳು ಬೇಳೆ ಕಾಳು ಬೀನ್ಸ್ ಯಾವುದೂ ಒಳಗೆ ಬರುವಂತಿಲ್ಲ. ಇದೇ ಮನೆಯಲ್ಲಿ ಬೆಳೆದವಳು ನಾನು, ಗೊತ್ತಿರಬೇಕಿತ್ತು. ತಿಗಣೆಗೂ ಅನ್ವಯ ಅಂತ ಯಾರಿಗೆ ಹೊಳೆಯುತ್ತದೆ? ಕೂಗಾಡಿದೆ. ಊಟ ಬಿಟ್ಟೆ. ಅತ್ತುಬಿಟ್ಟೆ.

ಅಕ್ಟೋಬರ್ 18, ಬೆಳಿಗ್ಗೆ 7

ಬಿಸಾಕುವ ಮೊದಲು ಒಮ್ಮೆ ನೋಡೋಣ ಅಂತ ಡಬ್ಬಿ ತೆಗೆದೆ. ಸತ್ತವು ಹೆಚ್ಚುಕಮ್ಮಿ ಎಲ್ಲ ಹಸಿರು. ಹಳದಿ ಹೆಗಲಿನವು ಓಡಾಡಿಕೊಂಡಿವೆ. ಅವುಗಳ ಮುಚ್ಚಳದ ಬಟ್ಟೆಯ ಅಡಿಯಲ್ಲಿ ಮೊಟ್ಟೆ. ಮೊಟ್ಟೆ! ಬಾಳೆಕಾಯಿ ತಿಂದು!

ಹಾಗಾದರೆ ಸೋಂಬೇರಿಯಲ್ಲ. ಒಳ್ಳೆ ಊಟವಿದ್ದಾಗ ಹಸಿರು ಮುಂದೆ, ಕಷ್ಟಕಾಲಕ್ಕೆ ಹಳದಿ. ಅದಕ್ಕೇ ಎರಡೂ ಉಳಿದಿವೆಯಾ? ಕಾಫಿ ಆರಿಹೋಯಿತು.

ಅದೇ ದಿನ, 11

ಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ. "ಎಲ್ಲಾ ಡಬ್ಬಿಗೂ ಸಮ ಹಾಕಿದಾರಾ? ಹಳದಿಗೆ ಜಾಸ್ತಿ ಬಿದ್ದಿದ್ರೆ ಇದೆಲ್ಲ ಸೊನ್ನೆ." ಅಜ್ಜಿಯನ್ನು ಕೇಳಿದೆ. ನಿನ್ನೆಯ ಬೈಗುಳಕ್ಕಿಂತ ಈ ಪ್ರಶ್ನೆಯಿಂದಲೇ ಅವಳಿಗೆ ಹೆಚ್ಚು ನೋವಾದಂತಿತ್ತು.

"ಪಂಕ್ತಿಭೇದ ಮಾಡೂದುಂಟನೇ? ಎಲ್ಲಕ್ಕೂ ಒಂದೇ ಅಳತೆ, ಒಂದೇ ಹೊತ್ತು. ಬಡ್ಸಿ ಆದ್ಮೇಲೇ ನಾನು ಊಟ ಮಾಡಿದ್ದು."

ಸ್ಪೀಕರ್‌ನಲ್ಲಿ ಸರ್ ನಕ್ಕರು. "ಮತ್ತೊಂದ್ಸಲ ಮಾಡು. ಅರ್ಧಕ್ಕೆ ಬೀನ್ಸ್, ಅರ್ಧಕ್ಕೆ ಬಾಳೆಕಾಯಿ. ಎರಡನೇ ಸಲವೂ ಹೀಗೇ ಬಂದ್ರೆ ಕಮಿಟಿಗೆ ನಾನೇ ಹೇಳ್ತೀನಿ."

ಅಜ್ಜಿಯ ಕಾಲಿಗೆ ಬಿದ್ದೆ. "ಏಳು, ಗಂಜಿ ಕುಡಿ," ಅಂದಳು.

ಅಕ್ಟೋಬರ್ 19

ಹೊಸ ತಿಗಣೆ, ಹೊಸ ಡಬ್ಬಿ. ಎಲ್ಲವೂ ಪಕ್ಕದ ಪರಮಶಿವಯ್ಯನವರ ಸ್ಕೂಟರ್ ಶೆಡ್ಡಿನಲ್ಲಿ, ಅಲ್ಲಿ ವ್ರತದ ತಕರಾರಿಲ್ಲ. ಬೀನ್ಸ್ ನಾನು ಹಾಕುವುದು. ಬಾಳೆಕಾಯಿ ಅಜ್ಜಿಯೇ ಬಡಿಸುವುದಂತೆ.

ಅಕ್ಟೋಬರ್ 27

ಬೀನ್ಸ್ ಡಬ್ಬಿಯಲ್ಲಿ ಹಸಿರಿನವು ಮೊಟ್ಟೆ ಇಡಲು ಶುರು. ಬಾಳೆಕಾಯಿಯಲ್ಲಿ ಯಾರದ್ದೂ ಇಲ್ಲ. ಹಳದಿಯದೂ ಇಲ್ಲ. ನನಗೆ ಊಟ ಸೇರುತ್ತಿಲ್ಲ. ಒಂದೇ ಸಲದ ಅದೃಷ್ಟವಾಗಿತ್ತೇ?

ಅಕ್ಟೋಬರ್ 31, ಬೆಳಿಗ್ಗೆ

ಕಮಿಟಿಗೆ ಸ್ಲೈಡ್ ಮಾಡಲು ಕೂತೆ. ಕೊನೆಯ ಸ್ಲೈಡ್ ಖಾಲಿ. ಶೆಡ್ಡಿಗೆ ಹೋಗಲು ಧೈರ್ಯವಿಲ್ಲ. ಅಜ್ಜಿಯೇ ಬಾಳೆಕಾಯಿ ತಟ್ಟೆ ಹಿಡಿದು ಹೋಗಿದ್ದಾಳೆ. ಇಷ್ಟು ಹೊತ್ತು ಎಂತ ಮಾಡುತ್ತಾಳೋ...

ಕೂಗುತ್ತಿದ್ದಾಳೆ. "ಕೂಸೇ, ಕನ್ನಡಕ ತಗೊಂಡು ಬಾ. ಹಳದಿಯದ್ದರ ಬಟ್ಟೆ ಅಡಿ ಎಂತದೋ ಸಾಲಾಗಿ ಅಂಟ್ಕೊಂಡಿದೆ, ಒಂದಲ್ಲ, ಎಲ್ಲಾ ಡಬ್ಬೀಲೂ—"

ಚಪ್ಪಲಿ ಎಲ್ಲಿ