ಭರಣಿ ಯಾರ ಪಾಲಿಗೆ ಹೋಯಿತು?

ಗದಗ
33ನೇ ಫೆಬ್ರವರಿ, 2189

ಡಿಯರ್ ಸರ್ ಆ್ಯಂಡ್ ಮೇಡಂ,

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿಯಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ಬಡಕಲು ತಿಂಗಳಾಗಿತ್ತಂತೆ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ಫೆಬ್ರವರಿಗೆ ಮೂವತ್ತಾರು ದಿನ. ನನ್ನ ಕೆಲವು ಪದಗಳೂ ನಿಮಗೆ ಹೀಗೇ ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದೆ, ಈಗ ಉಳಿದಿರುವುದು ಕಾಗದದ ತಲೆ ಮತ್ತು ಬಾಲ ಮಾತ್ರ. ತಲೆಯಾದ ಮೇಲೆ ‘ಐ ಬೆಗ್ ಟು ಸ್ಟೇಟ್’ ಎಂದು ಬರೆಯಬೇಕೆಂದು ಮಾಸ್ತರು ಕಲಿಸಿದ್ದರು. ಬೆಗ್ ಅಂದರೆ ಬೇಡುವುದು. ನಾನು ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ಆದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ನಾನು ಫಕೀರಪ್ಪ ಹೊಂಬಳ. ವಯಸ್ಸು ಎಪ್ಪತ್ತನಾಲ್ಕು. ಕಪ್ಪತಗುಡ್ಡದ ಗಾಳಿಕಂಬಗಳನ್ನು ಹತ್ತಿ ರೆಕ್ಕೆ ತೊಳೆಯುವುದು ನನ್ನ ಕೆಲಸವಾಗಿತ್ತು. ಹೆಂಡತಿ ಸುಗಲಾ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ನಮ್ಮಲ್ಲಿ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ನೆರಳುಹೊತ್ತು, ಅಂದರೆ ಬಿಸಿಲಿಗೆ ಯಾರೂ ಹೊರಗೆ ಕಾಲಿಡಬಾರದ ಹೊತ್ತು. ಆಗ ಎಲ್ಲರ ಮನೆಯಲ್ಲೂ ಗೋಡೆ ತಾನಾಗಿಯೇ ಬೆಳಗಿ, ನಿಮಗೆ ಏನು ಇಷ್ಟವಾಗುತ್ತದೆಂದು ತಾನೇ ತೀರ್ಮಾನಿಸಿ ತೋರಿಸುತ್ತದೆ. ಓಣಿಯ ಇಪ್ಪತ್ತು ಮನೆಯಲ್ಲೂ ಒಂದೇ ನಗು, ಒಂದೇ ಅಳು. ಸುಗಲಾ ಮಾತ್ರ ಗೋಡೆಗೆ ಚಾದರ ಹೊದಿಸಿ, ನಿಮ್ಮ ಕಾಲದ ಸಣ್ಣಪುಟ್ಟ ವಸ್ತುಗಳನ್ನು ಹುಡುಕಿ ತೆಗೆದು ನೋಡುತ್ತಿದ್ದಳು, ಕೇಳುತ್ತಿದ್ದಳು. ನಾನು ಊಟಕ್ಕೆ ಕೂತಾಗ ಅದೇ ಮಾತು. “ಒಂದ್ಸಲ ಕೇಳ್ರಿ, ನಲವತ್ತು ನಿಮಿಷ ಅಷ್ಟ,” ಎನ್ನುವಳು. “ನೀನ ಹೇಳಬಿಡು, ರೊಟ್ಟಿ ಆರತಾವ,” ಎನ್ನುತ್ತಿದ್ದೆ. ನಲವತ್ತೊಂದು ವರ್ಷ ಹೀಗೇ ನಡೆಯಿತು. ಅವಳು ಹೇಳಿದಳು, ನಾನು ಉಂಡೆ.

ನಮ್ಮಲ್ಲೊಂದು ಪದ್ಧತಿಯಿದೆ. ಸತ್ತವರ ಹನ್ನೊಂದನೇ ದಿನ ಅವರ ಮೆಚ್ಚುಪಟ್ಟಿಯನ್ನು ಓದುತ್ತಾರೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಾಗಿತ್ತೋ ಅದರ ಪಟ್ಟಿ. ಊಟಕ್ಕೆ ಬಂದವರು ಒಬ್ಬೊಬ್ಬರು ಒಂದೊಂದನ್ನು ಹೊರಬೇಕು. ಅಂದರೆ ಅದನ್ನು ನೋಡಿ, ಉಳಿಕೆ ಕಚೇರಿಗೆ ಹೋಗಿ, ಮೊದಲಿನಿಂದ ಕೊನೆಯವರೆಗೆ ಬಾಯಲ್ಲಿ ಹೇಳಿ ಸಹಿ ಹಾಕಬೇಕು. ಹೊರುವವರಿಲ್ಲದ್ದನ್ನು ಕಚೇರಿ ಅಳಿಸುತ್ತದೆ, ಜಾಗ ಸಾಲದಂತೆ. ಸುಗಲಾಳ ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು. ಬೀಗರು, ನೆಂಟರು ಹೆಸರುವಾಸಿಯಾದವನ್ನೆಲ್ಲ ಹೋಳಿಗೆ ಮುಗಿಯುವ ಮೊದಲೇ ಆರಿಸಿಕೊಂಡರು. ಯಾರೂ ಹೆಸರು ಕೇಳಿರದ ನಾಲ್ಕು ಉಳಿದವು. ಅವು ನನ್ನ ಪಾಲಿಗೆ ಬಂದವು.

ಆ ನಾಲ್ಕೂ ನಿಮ್ಮ ಕಾಲದಲ್ಲೇ ಹುಟ್ಟಿದವು. ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇವೆ. ನೀವು ನೋಡಿಲ್ಲ ಅಷ್ಟೇ. ‘ಬಸ್ಸು ತಿರುಗುವ ಜಾಗ’ ಎಂಬ ಹದಿನೆಂಟು ನಿಮಿಷದ ಸಿನಿಮಾ ಇದೆ. ಕೊನೆಯ ಸ್ಟಾಪಿನ ಸಣ್ಣ ಬಯಲಲ್ಲಿ ಡ್ರೈವರ್ ಬಸ್ಸು ತಿರುಗಿಸುತ್ತಾನೆ, ಊರಿಗೆ ಊರೇ ನಿಂತು “ಬರ್ಲಿ, ಬರ್ಲಿ, ಹಿಡೀ ಹಿಡೀ” ಎನ್ನುತ್ತದೆ. ಕಥೆ ಅಷ್ಟೇ. ಒಂದು ಕಡೆ ಮುದುಕಿಯೊಬ್ಬಳು ತನ್ನ ತುಳಸಿಕಟ್ಟೆಗೆ ಅಡ್ಡ ನಿಂತು ಇಡೀ ಬಸ್ಸನ್ನು ಒಂದೇ ಕೈಯಿಂದ ನಿಲ್ಲಿಸುತ್ತಾಳಲ್ಲ, ಅದಕ್ಕಾಗಿ ನೋಡಿ. ‘ಹಲ್ಲಿ ವಕೀಲ’ ಹದಿನಾರು ಪುಟದ ಚಿತ್ರಕಥೆ. ಕೋರ್ಟಿನ ಗೋಡೆಯ ಹಲ್ಲಿ ಯಾರು ಸುಳ್ಳು ಹೇಳಿದರೂ ಲೊಚಗುಟ್ಟಿಬಿಡುತ್ತದೆ, ಪಾಪ, ಅದಕ್ಕೆ ನಿಜಕ್ಕೆ ಲೊಚಗುಟ್ಟಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂಬತ್ತನೇ ಪುಟವನ್ನು ಗಡಿಬಿಡಿಯಲ್ಲಿ ತಿರುಗಿಸಬೇಡಿ, ಜಡ್ಜ್ ಸಾಹೇಬರ ಟೊಪ್ಪಿಗೆಯೊಳಗೆ ನೋಡಿ. ‘ಸಂಡಿಗೆ ಕಾವಲು’ ಫೋನಿನಲ್ಲಿ ಆಡುವ ಆಟ. ಮಾಳಿಗೆ ಮೇಲೆ ಸಂಡಿಗೆ ಒಣಹಾಕಿದೆ, ಕಾಗೆಗಳು ಬರುತ್ತವೆ, ಓಡಿಸಬೇಕು. ಎರಡನೇ ಹಂತ ದಾಟಲು ನನಗೆ ಹತ್ತೊಂಬತ್ತು ದಿನ ಹಿಡಿಯಿತು. ಮೂರನೆಯದರಲ್ಲಿ ಅತ್ತೆಯೂ ಬರುತ್ತಾಳೆ, ಕಾಗೆಯೇ ವಾಸಿ. ದೊಡ್ಡ ದೊಡ್ಡ ಯುದ್ಧದ ಆಟಗಳಲ್ಲಿ ಇಷ್ಟು ಎದೆ ಹೊಡೆದುಕೊಳ್ಳುವುದಿಲ್ಲ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಾಲ್ಕನೆಯದು ‘ಭರಣಿ ಪಾಲು’, ನಲವತ್ತು ನಿಮಿಷದ ರೇಡಿಯೊ ನಾಟಕ. ಈ ಕಾಗದ ಬರೆಯುತ್ತಿರುವುದು ಅದಕ್ಕಾಗಿ. ಅಣ್ಣತಮ್ಮಂದಿರು ಪಾಲಾಗುತ್ತಾರೆ. ಮನೆ, ಹೊಲ, ತಟ್ಟೆ, ಚಮಚೆ ಎಲ್ಲ ಎರಡಾಗುತ್ತದೆ. ಕೊನೆಗೆ ಅತ್ತೆ ಹಾಕಿಟ್ಟ ಮಾವಿನ ಉಪ್ಪಿನಕಾಯಿಯ ಒಂದೇ ಒಂದು ಭರಣಿ ಉಳಿಯುತ್ತದೆ. ನೆಗೆಣ್ಣಿಯರಿಬ್ಬರೂ ಅದರ ಎರಡು ಕಿವಿ ಹಿಡಿದು ನಿಲ್ಲುತ್ತಾರೆ, ಕೊನೆಯ ಗಳಿಗೆಯವರೆಗೂ ಕೈ ಬಿಡುವುದಿಲ್ಲ. ಅತ್ತೆ ತೀರಿಕೊಂಡು ಎಂಟು ದಿನವಾಗಿದೆ ಎಂಬುದು ನಡುವೆ ಎಲ್ಲೋ ಒಂದು ಮಾತಿನಲ್ಲಿ ಗೊತ್ತಾಗುತ್ತದೆ.

ಉಳಿಕೆ ಕಚೇರಿಯ ಅಣ್ಣಿಗೇರಿ ಮೇಡಂ ಮುಂದೆ ಕೂತು ನಾಲ್ಕನ್ನೂ ಹೇಳಲು ಹೋದೆ. ಸುಗಲಾ ಊಟದ ಹೊತ್ತಿಗೆ ಹೇಳಿದ್ದೆಲ್ಲ ಬಾಯಿಪಾಠವಾಗಿತ್ತು, ಮತ್ತೆ ನೋಡುವುದೇನು ಎಂದುಕೊಂಡೆ. ಅದೇ ನಾನು ಮಾಡಿದ ತಪ್ಪು. ‘ಭರಣಿ ಪಾಲು’ ಮೊದಲು ತೆಗೆದುಕೊಂಡೆವು.

“ಯಜಮಾನ್ರ, ಭರಣಿ ಕಡೀಕ ಯಾರಿಗೆ ಹೋತು?”

“ಸಣ್ಣ ಸೊಸಿಗ್ರಿ. ಹಿರೀ ಸೊಸಿ ಅರ್ಧಾ ಉಪ್ಪಿನಕಾಯಿ ಡಬ್ಬಿಗೆ ತುಂಬಕೊಂಡು, ‘ಅತ್ತಿ ಕೈರುಚಿ ನಂದು, ಭರಣಿ ನೀ ಇಟ್ಕೊಂಡು ಪೂಜಾ ಮಾಡು’ ಅಂದು ಹೊಂಟಬಿಡ್ತಾಳ.”

“ತಪ್ಪು. ಇಬ್ರೂ ಅಪ್ಪಿಕೊಂಡು ಅಳ್ತಾರ. ಖರೇ ಹೇಳ್ರಿ, ನೀವು ಇದನ್ನ ಕೇಳಿಲ್ಲ, ಹೌದಿಲ್ಲೋ?”

ಕೇಳಿರಲಿಲ್ಲ. ಒಪ್ಪಿಕೊಂಡೆ. ಮೇಡಂ ಒಳ್ಳೆಯವರು, ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಮನೆಗೆ ಬಂದು ಗೋಡೆಗೆ ಅದೇ ಚಾದರ ಹೊದಿಸಿ, ನಾಲ್ಕನ್ನೂ ಒಬ್ಬನೇ ಕೂತು ನೋಡಿದೆ, ಕೇಳಿದೆ, ಓದಿದೆ, ಆಡಿದೆ. ಮೂರು ಪಾಸಾದವು. ಆ ಮೂರನ್ನು ಇನ್ನು ಯಾರೂ ಅಳಿಸಲಾರರು.

‘ಭರಣಿ ಪಾಲು’ ಕೇಳುವಾಗ ಒಂದು ವಿಷಯ ಗಮನಕ್ಕೆ ಬಂತು. ನಾಟಕದುದ್ದಕ್ಕೂ ಹಿಂದೆಲ್ಲೋ ಒಂದು ಫ್ಯಾನು ಕಿರ್ ಕಿರ್ ಎನ್ನುತ್ತದೆ. ನಲವತ್ತು ವರ್ಷ ರೆಕ್ಕೆಗಳ ಸದ್ದು ಕೇಳಿದವನು ನಾನು, ನನ್ನ ಕಿವಿ ಅಲ್ಲಿಗೇ ಹೋಗುತ್ತದೆ. ಮೂವತ್ತೊಂದನೇ ನಿಮಿಷಕ್ಕೆ ಫ್ಯಾನು ನಿಂತಿತು. ಅಲ್ಲಿಂದ ಮುಂದೆ ದನಿಗಳು ತೊಳೆದಿಟ್ಟಂತೆ ಸ್ವಚ್ಛ. ಹಿರಿಯ ನೆಗೆಣ್ಣಿ ಬೈಗುಳ ಮರೆತಳು. ಅಪ್ಪಿಕೊಂಡರು, ಅತ್ತರು, ಮುಗಿಯಿತು. ಮರುದಿನ ಕಚೇರಿಗೆ ಹೋಗಿ ಕಡತ ತೆಗೆಸಿದೆ. ಕೊನೆಯ ಒಂಬತ್ತು ನಿಮಿಷ ಹಾಳಾಗಿತ್ತಂತೆ, 2111ರಲ್ಲಿ ಯಂತ್ರ ತೇಪೆ ಹಾಕಿತಂತೆ. ತೇಪೆ ಎಂದರೆ ಕಳೆದುಹೋದದ್ದನ್ನು ಅದೇ ಊಹಿಸಿ ಹೊಲಿಯುವುದು. ಯಂತ್ರ ತೇಪೆ ಹಾಕಿದ ಇನ್ನೂ ಆರು ನಾಟಕ ತರಿಸಿ ಕೇಳಿದೆ. ಆರರಲ್ಲೂ ಅಪ್ಪಿಕೊಂಡೇ ಮುಗಿಯುತ್ತದೆ.

ಮೇಡಂ ಅಂದರು, “ಅಜ್ಜಾರ, ಹಟ ಬಿಡ್ರಿ. ಅಪ್ಪಿಕೊಂಡ್ರು ಅಂತ ಒಂದು ಮಾತು ಹೇಳಿ ಸಹಿ ಮಾಡ್ರಿ, ನಾಟಕ ಉಳೀತದ.”

“ನನ್ನ ಹೆಂಡತಿ ಹೇಳಿದ್ದು ಹಂಗಲ್ರಿ.”

“ನಿಮ್ಮ ಹೆಂಡ್ತಿ ಹುಟ್ಟೋಕಿಂತ ಮೊದಲ ತೇಪಿ ಬಿದ್ದದ. ಅವ್ರಿಗೆ ಹೆಂಗ ಗೊತ್ತು?”

ತೇಪೆಯ ಕೊನೆಯನ್ನು ಅವಳೂ ಕೇಳಿದ್ದಳು, ಆದರೆ ನನಗೆ ಹೇಳುತ್ತಿದ್ದುದು ಅವಳ ಅಜ್ಜಿ ಹೇಳಿದ್ದ ಕೊನೆ. ಅಜ್ಜಿ ತೇಪೆ ಬೀಳುವ ಮೊದಲೇ ಕೇಳಿದ್ದಿರಬಹುದು. ಇಲ್ಲವೇ ಅಜ್ಜಿ ಕಟ್ಟಿರಬಹುದು, ಸುಗಲಾಳೇ ಕಟ್ಟಿರಬಹುದು. ಅವಳು ಸುಳ್ಳು ಹೇಳುವವಳೇ ಅಲ್ಲ ಎಂದು ಬರೆಯಲಾರೆ. ನಾನು ಮಾಡಿದ ಸಾರು ಚೆನ್ನಾಗಿದೆ ಎಂದು ನಲವತ್ತೊಂದು ವರ್ಷ ಹೇಳಿದವಳು. ಆದರೂ ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ. ನಾಟಕ ಉಳಿಸಲು ನಾಟಕವನ್ನೇ ಕೊಲ್ಲುವುದಾದರೆ ಅದಕ್ಕೆ ನನ್ನ ಹೆಸರೇಕೆ ಬೇಕು? ಉಳಿದಿರುವುದು ಮೂರು ದಿನ. ಮೇಡಂ ಒಂದೇ ಒಂದು ದಾರಿ ತೋರಿಸಿದ್ದಾರೆ. ತೇಪೆಗಿಂತ ಹಿಂದಿನವರ ಕೈಬರಹದಲ್ಲಿ ಕೊನೆ ಹೀಗಿತ್ತು ಎಂದು ಸಿಕ್ಕರೆ, ಅದನ್ನೇ ದಾಖಲೆ ಎಂದು ಒಪ್ಪುತ್ತಾರಂತೆ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಾಲದ ಹಿಂದಕ್ಕೆ ಹೋಗುವ ಟಪಾಲಿನಲ್ಲಿ, ಇವತ್ತೇ ಹೊರಡುತ್ತದೆ. ಅದು ಒಮ್ಮುಖದ್ದು. ನಿಮ್ಮ ಉತ್ತರ ಮಾತ್ರ ಒಂದೊಂದೇ ವರ್ಷ ನಡೆದುಕೊಂಡು ನಮ್ಮವರೆಗೆ ಬರಬೇಕು. ‘ಭರಣಿ ಪಾಲು’ ಹುಡುಕಿ. ಫೋನು ತಾನಾಗಿ ತೋರಿಸುವುದಿಲ್ಲ, ನೀವೇ ಹೆಸರು ಬರೆದು ಹುಡುಕಬೇಕು. ಪೂರ್ತಿ ಕೇಳಿ, ಫ್ಯಾನು ಕೊನೆಯವರೆಗೆ ಕಿರ್‌ಗುಟ್ಟುತ್ತದೆಯೇ ನೋಡಿ. ಭರಣಿ ಯಾರ ಪಾಲಿಗೆ ಹೋಯಿತೆಂದು ಪೆನ್ನಿನಲ್ಲಿ ಬರೆದು, ಕೆಳಗೆ ತಾರೀಖು ಹಾಕಿ, ಯಾವುದಾದರೂ ಅಡುಗೆ ಪುಸ್ತಕದ ಉಪ್ಪಿನಕಾಯಿ ಪುಟದಲ್ಲಿಟ್ಟು ಮಡಚಿಬಿಡಿ. ನಿಮ್ಮ ಕಾದಂಬರಿಗಳು, ಕಾನೂನುಗಳು ಏನಾದವೋ ಗೊತ್ತಿಲ್ಲ. ಅಡುಗೆ ಪುಸ್ತಕ ಎಸೆಯುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಕಚೇರಿಯ ಹಿಂದಿನ ಕೋಣೆಯಲ್ಲಿ ಒಂಬತ್ತು ಕಪಾಟು ತುಂಬ ಅವೇ ಇವೆ.

ಕೊನೆ ಸುಗಲಾ ಹೇಳಿದಂತಿಲ್ಲದಿದ್ದರೆ ಇದ್ದಂತೆಯೇ ಬರೆಯಿರಿ, ಈ ಮುದುಕನ ಮುಖ ನೋಡಬೇಡಿ. ಅವರು ನಿಜಕ್ಕೂ ಅಪ್ಪಿಕೊಂಡಿದ್ದರೆ ಹಾಗೇ ಹೇಳಿ ಸಹಿ ಹಾಕುತ್ತೇನೆ. ಸೋತರೆ ಅದನ್ನು ಬರೆದ ಮನುಷ್ಯರಿಗೆ ಸೋಲುತ್ತೇನೆ. ಊಹೆಗೆ ಸೋಲುವುದಿಲ್ಲ.

ಇನ್ನೊಂದು ಮಾತು. ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ “ಒಂದ್ಸಲ ಕೇಳಿ” ಅಂದರೆ, ರೊಟ್ಟಿ ಆರಲಿ ಬಿಡಿ.

ನಾಳೆ ಬೆಳಿಗ್ಗೆ ಆರಕ್ಕೆ ಆ ಅಡುಗೆ ಪುಸ್ತಕಗಳ ಕೋಣೆಯ ಬಾಗಿಲು ತೆರೆಯುತ್ತದೆ. ನಾನು ಐದೂವರೆಗೇ ಹೋಗಿ ನಿಂತಿರುತ್ತೇನೆ. ಮೊದಲ ಕಪಾಟಿನಿಂದ ಶುರು ಮಾಡುತ್ತೇನೆ.

ಕಾಗದದ ಬಾಲ ನೆನಪಿದೆ ಎಂದೆನಲ್ಲ. ‘ಯುವರ್ಸ್ ಒಬೀಡಿಯೆಂಟ್ಲಿ’ ಎಂದು ಬರೆಯಬೇಕು. ಒಬೀಡಿಯೆಂಟ್ ಅಂದರೆ ವಿಧೇಯ. ಅರ್ಧ ಮಾತ್ರ ಬರೆಯುತ್ತೇನೆ.

ಯುವರ್ಸ್,
ಫಕೀರಪ್ಪ ಹೊಂಬಳ
ಸುಗಲಾಳ ಗಂಡ